‘ಎರರ್ ಬರ್ತಿದೆ’ ಅಂದರೆ ಸಾಲದು: ಪೈಥಾನ್ ಕಲಿಯುವಾಗ ಸಹಾಯ ಕೇಳುವ ಬಗೆ

ರಾತ್ರಿ ಹನ್ನೊಂದರ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಬಂತು. ಲ್ಯಾಪ್‌ಟಾಪ್ ಪರದೆಯನ್ನು ಮೊಬೈಲಿನಲ್ಲಿ ಓರೆಯಾಗಿ ಹಿಡಿದು ತೆಗೆದದ್ದು. ನಡುವೆ ಟ್ಯೂಬ್‌ಲೈಟಿನ ಬಿಳಿ ಪಟ್ಟಿ, ಕೆಳಗಿನ ಎರಡು ಸಾಲು ಫೋಟೊದಿಂದ ಆಚೆಗೇ ಹೋಗಿತ್ತು. ಜೊತೆಗೆ ಮೂರೇ ಪದ: ‘ಅಣ್ಣಾ, ಎರರ್ ಬರ್ತಿದೆ.’

ಕಳಿಸಿದವಳು ನಮ್ಮ ಚಿಕ್ಕಮ್ಮನ ಮಗಳು. ಬಿಸಿಎ ಮೊದಲ ವರ್ಷ, ಹಾಸ್ಟೆಲ್ ವಾಸ, ಪೈಥಾನ್ ಕಲಿಯಲು ಶುರುಮಾಡಿ ಮೂರು ವಾರ. ‘ಕೊನೇ ಸಾಲಲ್ಲಿ ಏನಿದೆ ಓದಿ ಹೇಳು’ ಅಂದೆ. ‘ಅದೇನೋ ಇಂಗ್ಲಿಷಲ್ಲಿ ಬೈತಿದೆ ಅಣ್ಣಾ’ ಅಂದಳು.

ಹೊಸದಾಗಿ ಪ್ರೋಗ್ರಾಮಿಂಗ್ ಕಲಿಯುವವರು ಎಡವುವುದು ಹೆಚ್ಚಾಗಿ ಇಲ್ಲೇ. ಕಂಪ್ಯೂಟರ್ ಬೈಯುತ್ತಿದೆ ಎಂದುಕೊಂಡು ಓದುವುದೇ ಇಲ್ಲ. ಆಮೇಲೆ ಸಹಾಯ ಕೇಳುತ್ತಾರೆ, ಆದರೆ ಎದುರಿಗಿದ್ದವರು ಸಹಾಯ ಮಾಡಲು ಬೇಕಾದ ಒಂದು ಮಾಹಿತಿಯನ್ನೂ ಕೊಡುವುದಿಲ್ಲ. ಕೋಡ್ ಬರೆಯುವುದನ್ನು ಕಾಲೇಜಿನಲ್ಲಿ ಹೇಳಿಕೊಡುತ್ತಾರೆ. ಸಿಕ್ಕಿಬಿದ್ದಾಗ ಕೇಳುವುದು ಹೇಗೆ ಎಂಬುದು ಯಾವ ಸಿಲಬಸ್ಸಿನಲ್ಲೂ ಕಾಣುವುದಿಲ್ಲ. ಅದೂ ಕಲಿಯಬೇಕಾದ ಕೆಲಸವೇ. ಪೈಥಾನನ್ನೇ ಉದಾಹರಣೆಯಾಗಿಟ್ಟುಕೊಂಡು ಅದನ್ನು ಹಂತ ಹಂತವಾಗಿ ನೋಡೋಣ.

ಕೆಳಗಿನಿಂದ ಮೇಲಕ್ಕೆ ಓದಿ

ಪೈಥಾನ್ ಪ್ರೋಗ್ರಾಂ ನಡುವೆ ನಿಂತುಹೋದಾಗ ಪರದೆಯ ಮೇಲೆ ಮೂಡುವ ಸಾಲುಗಳಿಗೆ ‘ಟ್ರೇಸ್‌ಬ್ಯಾಕ್’ ಎಂದು ಹೆಸರು. ಅದರ ತಲೆಬರಹದಲ್ಲೇ ‘ಮೋಸ್ಟ್ ರೀಸೆಂಟ್ ಕಾಲ್ ಲಾಸ್ಟ್’ ಎಂದಿರುತ್ತದೆ. ತೀರ ಈಚೆಗೆ ನಡೆದದ್ದು ಕೊನೆಯಲ್ಲಿದೆ ಎಂದರ್ಥ. ಆದ್ದರಿಂದ ಓದುವುದನ್ನು ಕೊನೆಯ ಸಾಲಿನಿಂದ ಶುರುಮಾಡಬೇಕು.

ಕೊನೆಯ ಸಾಲಿನಲ್ಲಿ ಎರಡು ಭಾಗ. ಕೋಲನ್ ಚಿಹ್ನೆಗಿಂತ ಮೊದಲು ಇರುವುದು ತಪ್ಪಿನ ಜಾತಿ, ನಂತರದ್ದು ವಿವರಣೆ. ಅದರ ಮೇಲಿನ ಸಾಲುಗಳಲ್ಲಿ ತಪ್ಪು ಸಿಕ್ಕಿದ ಜಾಗದ ವಿಳಾಸ: ಯಾವ ಫೈಲು, ಎಷ್ಟನೇ ಸಾಲು, ಆ ಸಾಲಿನಲ್ಲಿ ಏನು ಬರೆದಿದೆ.

ಹೊಸಬರಿಗೆ ಪದೇ ಪದೇ ಎದುರಾಗುವ ಜಾತಿಗಳು ಬೆರಳೆಣಿಕೆಯಷ್ಟೇ:

ನೇಮ್‌ಎರರ್: ಈ ಹೆಸರು ನನಗೆ ಗೊತ್ತಿಲ್ಲ. ಹೆಚ್ಚಿನ ಸಲ ಕಾಗುಣಿತದ ತಪ್ಪು, ಇಲ್ಲವೇ ಉದ್ಧರಣ ಚಿಹ್ನೆ ಹಾಕುವುದು ಮರೆತಿರುತ್ತದೆ.

ಸಿಂಟ್ಯಾಕ್ಸ್‌ಎರರ್: ವಾಕ್ಯರಚನೆ ಸರಿಯಿಲ್ಲ. ಕೋಲನ್, ಕಂಸ, ಉದ್ಧರಣ ಚಿಹ್ನೆಗಳನ್ನು ನೋಡಿ.

ಇಂಡೆಂಟೇಶನ್‌ಎರರ್: ಸಾಲಿನ ಮುಂದೆ ಬಿಟ್ಟ ಜಾಗ ಹೊಂದುತ್ತಿಲ್ಲ.

ಟೈಪ್‌ಎರರ್: ಈ ಬಗೆಯ ವಸ್ತುವಿನ ಮೇಲೆ ಈ ಕೆಲಸ ಆಗದು.

ವ್ಯಾಲ್ಯೂಎರರ್: ಬಗೆ ಸರಿ, ಆದರೆ ಕೊಟ್ಟ ಬೆಲೆ ಒಪ್ಪುವಂಥದ್ದಲ್ಲ.

ಇಂಡೆಕ್ಸ್‌ಎರರ್: ಪಟ್ಟಿಯಲ್ಲಿ ಇರುವುದಕ್ಕಿಂತ ಆಚೆಗೆ ಕೈ ಹಾಕಿದ್ದೀರಿ. ಐದು ಅಂಶಗಳ ಪಟ್ಟಿಯಲ್ಲಿ ಎಣಿಕೆ ಸೊನ್ನೆಯಿಂದ ನಾಲ್ಕರವರೆಗೆ ಮಾತ್ರ.

ಸಾಲಿನ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಡಿ. ನಾಲ್ಕನೇ ಸಾಲಿನಲ್ಲಿ ಕಂಸ ಮುಚ್ಚದೆ ಬಿಟ್ಟರೆ ಹಳೆಯ ಆವೃತ್ತಿಗಳು ಐದನೇ ಸಾಲನ್ನು ತೋರಿಸಿ ‘ಇನ್‌ವ್ಯಾಲಿಡ್ ಸಿಂಟ್ಯಾಕ್ಸ್’ ಎಂದಷ್ಟೇ ಹೇಳುತ್ತಿದ್ದವು. ಐದನೇ ಸಾಲನ್ನು ಎಷ್ಟು ದಿಟ್ಟಿಸಿದರೂ ತಪ್ಪು ಕಾಣದು. ಸಿಂಟ್ಯಾಕ್ಸ್ ತಪ್ಪು ಬಂದರೆ ತೋರಿಸಿದ ಸಾಲಿನ ಜೊತೆಗೆ ಅದರ ಹಿಂದಿನ ಸಾಲನ್ನೂ ನೋಡುವ ಅಭ್ಯಾಸ ಒಳ್ಳೆಯದು. 2021ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.10, ಕಂಸ ಮುಚ್ಚಿಲ್ಲ ಎಂದು ನೇರವಾಗಿ ಹೇಳುತ್ತದೆ. ಹೆಸರಿನ ಕಾಗುಣಿತ ತಪ್ಪಿದ್ದರೆ ‘ಇದನ್ನು ಹೇಳಹೊರಟಿದ್ದಿರಾ?’ ಎಂದು ಸರಿಯಾದ ಹೆಸರನ್ನೂ ಸೂಚಿಸುತ್ತದೆ. 2022ರಲ್ಲಿ ಬಂದ 3.11, ಸಾಲಿನೊಳಗೆ ಎಡವಿದ ಭಾಗ ಯಾವುದು ಎಂದು ಅಡಿಗೆರೆ ಹಾಕಿ ತೋರಿಸುತ್ತದೆ. ಕಾಲೇಜು ಲ್ಯಾಬಿನ ಕಂಪ್ಯೂಟರಿನಲ್ಲಿ ಹಳೆಯ ಆವೃತ್ತಿ, ಮನೆಯಲ್ಲಿ ಹೊಸದು ಇದ್ದರೆ ಒಂದೇ ತಪ್ಪಿಗೆ ಎರಡು ಕಡೆ ಎರಡು ಬಗೆಯ ಸಂದೇಶ ಬರುವುದು ಇದರಿಂದಲೇ.

ಪಾಠವೂ ಹಳೆಯದಿರಬಹುದು. ಪೈಥಾನ್ 2ಕ್ಕೆ ಕೊಡುತ್ತಿದ್ದ ಬೆಂಬಲ 2020ರ ಜನವರಿ 1ಕ್ಕೆ ಮುಗಿದಿದೆ. ಆದರೆ ಆ ಕಾಲದ ನೋಟ್ಸುಗಳು ಇನ್ನೂ ಕೈಯಿಂದ ಕೈಗೆ ದಾಟುತ್ತಲೇ ಇವೆ. ಪುಸ್ತಕದಲ್ಲಿ ‘ಪ್ರಿಂಟ್’ ಪದದ ಮುಂದೆ ಕಂಸ ಇಲ್ಲದಿದ್ದರೆ ಅದು ಹಳೆಯ ಪಾಠ ಎಂದು ತಿಳಿಯಿರಿ.

ಮೂರು ಲೋಟ ಚಹಾ, ಒಂದು ಲಕ್ಷ ಇಪ್ಪತ್ತೊಂದು ಸಾವಿರ

ಆ ರಾತ್ರಿಯ ಪ್ರೋಗ್ರಾಂ ನಾಲ್ಕೇ ಸಾಲಿನದು. ಚಹಾ ಅಂಗಡಿಯ ಬಿಲ್ಲು. ಮೊದಲ ಸಾಲು ‘ಇನ್‌ಪುಟ್’ ಬಳಸಿ ಒಂದು ಲೋಟದ ಬೆಲೆ ಕೇಳುತ್ತದೆ, ಎರಡನೆಯದು ಎಷ್ಟು ಲೋಟ ಎಂದು ಕೇಳುತ್ತದೆ. ಮೂರನೆಯದು ‘ಒಟ್ಟು = ಬೆಲೆ * ಲೋಟ’ ಎಂದು ಗುಣಿಸುತ್ತದೆ, ನಾಲ್ಕನೆಯದು ಒಟ್ಟನ್ನು ಪ್ರಿಂಟ್ ಮಾಡುತ್ತದೆ. ನೋಡಲು ಎಲ್ಲವೂ ಸರಿ. ಬೆಲೆ 12, ಲೋಟ 3 ಎಂದು ಕೊಟ್ಟ ಕೂಡಲೇ ನಿಂತುಹೋಯಿತು.

ಫೋನಿನಲ್ಲಿ ಅವಳು ಓದಿದ ಕೊನೆಯ ಸಾಲು: ‘ಟೈಪ್‌ಎರರ್: ಕಾಂಟ್ ಮಲ್ಟಿಪ್ಲೈ ಸೀಕ್ವೆನ್ಸ್ ಬೈ ನಾನ್-ಇಂಟ್ ಆಫ್ ಟೈಪ್ ಎಸ್‌ಟಿಆರ್.’ ಬಿಡಿಸಿ ನೋಡಿ. ‘ಸೀಕ್ವೆನ್ಸ್’ ಎಂದರೆ ಸಾಲಾಗಿ ಜೋಡಿಸಿಟ್ಟದ್ದು; ಇಲ್ಲಿ ಅಕ್ಷರಗಳ ಸಾಲು. ‘ಎಸ್‌ಟಿಆರ್’ ಎಂದರೆ ಸ್ಟ್ರಿಂಗ್, ಅದೂ ಅಕ್ಷರಗಳ ಸಾಲೇ. ‘ನಾನ್-ಇಂಟ್’ ಎಂದರೆ ಪೂರ್ಣಾಂಕವಲ್ಲದ್ದು. ಒಂದು ಅಕ್ಷರಸಾಲನ್ನು ಇನ್ನೊಂದು ಅಕ್ಷರಸಾಲಿನಿಂದ ಗುಣಿಸಲಾಗದು ಎಂದು ಪೈಥಾನ್ ಹೇಳುತ್ತಿದೆ.

‘ನಾನು ಕೊಟ್ಟಿದ್ದು ಸಂಖ್ಯೆ ಅಲ್ವಾ?’ ಎಂದು ಕೇಳಿದಳು. ಅವಳ ಕಣ್ಣಿಗೆ ಸಂಖ್ಯೆ. ಆದರೆ ‘ಇನ್‌ಪುಟ್’ ಕೀಲಿಮಣೆಯಿಂದ ಏನನ್ನೇ ತಂದರೂ ಅಕ್ಷರವಾಗಿಯೇ ತರುತ್ತದೆ. ಅದಕ್ಕೆ 12 ಎಂದರೆ ಹನ್ನೆರಡಲ್ಲ, ಒಂದು ಎಂಬ ಅಕ್ಷರ, ಪಕ್ಕದಲ್ಲಿ ಎರಡು ಎಂಬ ಅಕ್ಷರ. ಸಂಖ್ಯೆ ಬೇಕಿದ್ದರೆ ‘ಇಂಟ್’ ಎಂಬುದರೊಳಗೆ ಹಾಕಿ ನಾವೇ ಬದಲಿಸಿಕೊಳ್ಳಬೇಕು.

ಅವಳು ಲೋಟದ ಸಾಲಿಗೆ ಮಾತ್ರ ‘ಇಂಟ್’ ಹಾಕಿದಳು, ಬೆಲೆಯ ಸಾಲಿಗೆ ಹಾಕುವುದು ಮರೆತಳು. ಮತ್ತೆ ಓಡಿಸಿದರೆ ಎರರ್ ಮಾಯ. ಬಿಲ್ಲು ಮಾತ್ರ 121212 ರೂಪಾಯಿ!

ಅಕ್ಷರಸಾಲನ್ನು ಪೂರ್ಣಾಂಕದಿಂದ ಗುಣಿಸಿದರೆ ಪೈಥಾನ್ ಅದನ್ನು ಅಷ್ಟು ಸಲ ಪಕ್ಕಪಕ್ಕದಲ್ಲಿ ಬರೆಯುತ್ತದೆ. 12 ಎಂಬ ಅಕ್ಷರಜೋಡಿ ಮೂರು ಸಲ. ಪೈಥಾನಿನ ಪ್ರಕಾರ ತಪ್ಪೇ ಇಲ್ಲ. ಎರರ್ ಕೊಟ್ಟು ನಿಲ್ಲುವ ಪ್ರೋಗ್ರಾಂ ಒಳ್ಳೆಯದು ಎನ್ನುವುದು ಇದಕ್ಕೇ: ಅದು ಜಾಗವನ್ನಾದರೂ ತೋರಿಸುತ್ತದೆ. ಸದ್ದಿಲ್ಲದೆ ತಪ್ಪು ಉತ್ತರ ಕೊಡುವುದನ್ನು ಹಿಡಿಯಲು ಸರಿಯುತ್ತರ 36 ಎಂದು ಓಡಿಸುವ ಮೊದಲೇ ನಮಗೆ ಗೊತ್ತಿರಬೇಕು. ಯಾವ ಪ್ರೋಗ್ರಾಂ ಬರೆದರೂ ಬಾಯಿಲೆಕ್ಕದಲ್ಲಿ ತಾಳೆ ನೋಡಬಹುದಾದ ಸಣ್ಣ ಸಂಖ್ಯೆಗಳಿಂದ ಪರೀಕ್ಷಿಸಿ.

ಕೇಳುವ ಮೊದಲು ಇಪ್ಪತ್ತು ನಿಮಿಷ

ಎಡವಿದ ತಕ್ಷಣ ಕೇಳಿದರೆ ಕಲಿಕೆ ಆಗುವುದಿಲ್ಲ. ಮೂರು ದಿನ ಒಬ್ಬರೇ ಗುದ್ದಾಡಿದರೆ ಕಲಿಯುವ ಆಸೆಯೇ ಬತ್ತಿಹೋಗುತ್ತದೆ. ನಾನು ಹೇಳಿಕೊಡುವ ಮಕ್ಕಳಿಗೆ ಇಪ್ಪತ್ತು ನಿಮಿಷದ ಲೆಕ್ಕ ಕೊಟ್ಟಿದ್ದೇನೆ. ಅಷ್ಟರೊಳಗೆ ಮಾಡಬೇಕಾದವು ನಾಲ್ಕು ಕೆಲಸ.

ಒಂದು, ನಡುನಡುವೆ ಪ್ರಿಂಟ್ ಹಾಕಿ. ಗುಣಿಸುವ ಸಾಲಿಗಿಂತ ಮೊದಲು ಬೆಲೆಯನ್ನೂ ಅದರ ‘ಟೈಪ್’ ಅನ್ನೂ ಪ್ರಿಂಟ್ ಮಾಡಿಸಿದ್ದರೆ ‘ಎಸ್‌ಟಿಆರ್’ ಎಂದು ಕಂಡು ಗುಟ್ಟು ಅಲ್ಲೇ ರಟ್ಟಾಗುತ್ತಿತ್ತು. ನಿಮ್ಮ ಪೆಟ್ಟಿಗೆಯೊಳಗೆ ಏನಿದೆ ಎಂದು ಊಹಿಸಬೇಡಿ, ತೆರೆದು ನೋಡಿ.

ಎರಡು, ಕೋಡನ್ನು ಚಿಕ್ಕದು ಮಾಡಿ. ಐವತ್ತು ಸಾಲಿನಲ್ಲಿ ತಪ್ಪಿದ್ದರೆ ಅದಕ್ಕೆ ಸಂಬಂಧವಿಲ್ಲದವನ್ನು ಒಂದೊಂದಾಗಿ ತೆಗೆದು, ಅದೇ ತಪ್ಪು ಕೊಡುವ ಐದಾರು ಸಾಲು ಮಾತ್ರ ಉಳಿಸಿ. ಮೂಲ ಫೈಲಿನ ನಕಲು ಇಟ್ಟುಕೊಂಡು ಮಾಡಿ. ಯಾವ ಸಾಲು ತೆಗೆದಾಗ ತಪ್ಪು ಮಾಯವಾಯಿತೋ ಕಳ್ಳ ಅಲ್ಲೇ ಇದ್ದಾನೆ.

ಮೂರು, ಹೆಜ್ಜೆ ಹೆಜ್ಜೆಯಾಗಿ ಓಡಿಸಿ ನೋಡಿ. ಫಿಲಿಪ್ ಗುವೊ ಎಂಬವರು 2010ರಲ್ಲಿ ಮಾಡಿದ ‘ಪೈಥಾನ್ ಟ್ಯೂಟರ್’ ಎಂಬ ಉಚಿತ ಸಾಧನವಿದೆ. ಕೋಡನ್ನು ಅದರಲ್ಲಿ ಹಾಕಿದರೆ ಒಂದೊಂದು ಸಾಲು ನಡೆದಾಗಲೂ ಯಾವ ಹೆಸರಿನಲ್ಲಿ ಯಾವ ಬೆಲೆ ಕೂತಿದೆ ಎಂದು ಚಿತ್ರದಲ್ಲಿ ತೋರಿಸುತ್ತದೆ. ಲೂಪು ಅರ್ಥವಾಗದವರಿಗೆ ಇದು ವರ.

ನಾಲ್ಕು, ಬಾಯಿಬಿಟ್ಟು ಹೇಳಿ. ಆ್ಯಂಡ್ರ್ಯೂ ಹಂಟ್ ಮತ್ತು ಡೇವಿಡ್ ಥಾಮಸ್ 1999ರಲ್ಲಿ ಬರೆದ ‘ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್’ ಪುಸ್ತಕದಿಂದ ಹೆಸರಾದ ಉಪಾಯವಿದು: ಮೇಜಿನ ಮೇಲೆ ರಬ್ಬರಿನ ಬಾತುಕೋಳಿ ಇಟ್ಟುಕೊಂಡು ಅದಕ್ಕೆ ಕೋಡನ್ನು ಸಾಲು ಸಾಲಾಗಿ ವಿವರಿಸುವುದು. ನಮ್ಮ ಹುಡುಗಿ ಈಗ ಹಾಸ್ಟೆಲಿನ ಬಕೆಟ್ಟಿಗೆ ಹೇಳುತ್ತಾಳಂತೆ. ನಗಬೇಡಿ. ‘ಈ ಸಾಲು ಸಂಖ್ಯೆಯನ್ನು ತರುತ್ತೆ’ ಎಂದು ಗಟ್ಟಿಯಾಗಿ ಹೇಳಿದಾಗಲೇ ‘ನಿಜವಾಗಲೂ ಸಂಖ್ಯೆನಾ?’ ಎಂಬ ಅನುಮಾನ ಹುಟ್ಟುವುದು.

ಪ್ರಶ್ನೆಯಲ್ಲಿ ಇರಬೇಕಾದವು

ಇಷ್ಟಾದರೂ ಬಗೆಹರಿಯದಿದ್ದರೆ ಸಂಕೋಚವಿಲ್ಲದೆ ಕೇಳಿ. ನಿಮ್ಮ ಪ್ರಶ್ನೆಯಲ್ಲಿ ಇವಿಷ್ಟು ಇರಲಿ: ಏನಾಗಬೇಕಿತ್ತು, ಏನಾಯಿತು, ಅದನ್ನು ಉಂಟುಮಾಡಿದ ಕೋಡು, ಈವರೆಗೆ ಏನು ಮಾಡಿ ನೋಡಿದಿರಿ. ಜೊತೆಗೆ ಪೈಥಾನ್ ಆವೃತ್ತಿ.

ಅದೇ ಚಹಾ ಬಿಲ್ಲಿನ ಬಗ್ಗೆ ಹೀಗೆ ಕೇಳಬಹುದಿತ್ತು:

‘ಅಣ್ಣಾ, ಚಹಾ ಅಂಗಡಿ ಬಿಲ್ ಪ್ರೋಗ್ರಾಂ ಮಾಡ್ತಿದೀನಿ. ಬೆಲೆ 12, ಲೋಟ 3 ಕೊಟ್ರೆ 36 ಬರ್ಬೇಕಿತ್ತು, 121212 ಬರ್ತಿದೆ. ಎರರ್ ಇಲ್ಲ. ಲೋಟಕ್ಕೆ ಇಂಟ್ ಹಾಕಿದೀನಿ. 12, 3 ಎರಡನ್ನೂ ನೇರವಾಗಿ ಕೋಡಲ್ಲೇ ಬರೆದ್ರೆ 36 ಸರಿಯಾಗಿ ಬರುತ್ತೆ. ಪೈಥಾನ್ 3.11. ನಾಲ್ಕು ಸಾಲಿನ ಕೋಡ್ ಕೆಳಗೆ ಹಾಕಿದೀನಿ.’

ಓದಿದವರು ಅರ್ಧ ನಿಮಿಷದಲ್ಲಿ ಉತ್ತರಿಸಬಲ್ಲರು. ಅದಕ್ಕಿಂತ ಹೆಚ್ಚಿನದು, ಉತ್ತರ ಪ್ರಶ್ನೆಯೊಳಗೇ ಇಣುಕುತ್ತಿದೆ. ನೇರವಾಗಿ ಬರೆದರೆ ಸರಿ, ಇನ್‌ಪುಟ್‌ನಿಂದ ಬಂದರೆ ತಪ್ಪು ಎಂದ ಮೇಲೆ ಗೊಂದಲ ಇನ್‌ಪುಟ್ಟಿನದೇ. ಪ್ರಶ್ನೆ ಬರೆದು ಮುಗಿಸುವಷ್ಟರಲ್ಲಿ ಉತ್ತರ ಹೊಳೆದು, ಕಳಿಸದೆಯೇ ಅಳಿಸಿಹಾಕಿದ ಅನುಭವ ಈ ಕಸುಬಿನಲ್ಲಿ ಇರುವವರಿಗೆಲ್ಲ ಇದೆ.

ಕಂಡದ್ದನ್ನೂ ಊಹಿಸಿದ್ದನ್ನೂ ಬೆರೆಸಬೇಡಿ. ‘ಪುಟ್ಟಿ’ ತಂತ್ರಾಂಶ ಬರೆದ ಸೈಮನ್ ಟ್ಯಾಥಮ್ 1999ರಲ್ಲಿ ದೋಷ ವರದಿ ಮಾಡುವ ಬಗೆಯ ಕುರಿತು ಬರೆದ ಪ್ರಬಂಧದ ತಿರುಳೂ ಇದೇ. ‘ನನ್ನ ಪೈಥಾನ್ ಇನ್‌ಸ್ಟಾಲೇ ಹಾಳಾಗಿದೆ’ ಎನ್ನುವುದು ಊಹೆ. ‘ರ್‍ಯಾಂಡಮ್ ಮಾಡ್ಯೂಲಿನಲ್ಲಿ ರ್‍ಯಾಂಡ್‌ಇಂಟ್ ಇಲ್ಲ ಅಂತಿದೆ’ ಎನ್ನುವುದು ಕಂಡದ್ದು. ಎರಡನೆಯದನ್ನು ಕೇಳಿದರೆ ಅನುಭವಸ್ಥರು ತಟ್ಟನೆ ಕೇಳುತ್ತಾರೆ: ‘ನಿನ್ನ ಫೈಲಿಗೇ ರ್‍ಯಾಂಡಮ್ ಅಂತ ಹೆಸರಿಟ್ಟಿದೀಯಾ?’ ಹೊಸಬರಲ್ಲಿ ಬಹಳ ಜನ ಇಟ್ಟಿರುತ್ತಾರೆ. ಪೈಥಾನ್ ತನ್ನದೇ ಮಾಡ್ಯೂಲಿನ ಬದಲು ಅದೇ ಹೆಸರಿನ ನಿಮ್ಮ ಫೈಲನ್ನು ತೆರೆದು ತಬ್ಬಿಬ್ಬಾಗಿರುತ್ತದೆ. ಫೈಲಿನ ಹೆಸರು ಬದಲಿಸಿದರೆ ಮುಗಿಯಿತು. ಈ ಎಡವಟ್ಟು ಎಷ್ಟು ಸಾಮಾನ್ಯವೆಂದರೆ 2024ರ ಅಕ್ಟೋಬರಿನಲ್ಲಿ ಬಂದ 3.13ನೇ ಆವೃತ್ತಿ ಹೆಸರು ಬದಲಿಸಿ ನೋಡಿ ಎಂದು ತಾನೇ ಸಲಹೆ ಕೊಡುತ್ತದೆ.

ಇನ್ನೊಂದು ಬಲೆಯಿದೆ. 121212 ಕಂಡ ಮೇಲೆ ಅವಳು ಮೊದಲು ಕೇಳಿದ್ದು ಏನು ಗೊತ್ತೇ? ‘ಅಣ್ಣಾ, ಸ್ಟ್ರಿಂಗನ್ನ ಎರಡೆರಡು ಅಕ್ಷರ ಕತ್ತರಿಸಿ ಕೂಡಿಸೋದು ಹೇಗೆ?’ 12, 12, 12 ಎಂದು ತುಂಡರಿಸಿ ಕೂಡಿದರೆ 36 ಬರುತ್ತದೆ ಎಂಬ ಲೆಕ್ಕಾಚಾರ! ನಾನು ಉತ್ತರ ಹೇಳಿಬಿಟ್ಟಿದ್ದರೆ ಆ ರಾತ್ರಿಗೆ ಬಿಲ್ಲು ಸರಿಯಾಗುತ್ತಿತ್ತು, ಚಹಾ 8 ರೂಪಾಯಿ ಆದ ದಿನ ಮತ್ತೆ ಕೆಡುತ್ತಿತ್ತು. ಮೂಲ ತೊಂದರೆಯನ್ನು ಬಿಟ್ಟು, ತನಗೆ ಹೊಳೆದ ಪರಿಹಾರದ ಬಗ್ಗೆ ಮಾತ್ರ ಕೇಳುವ ಈ ಚಾಳಿಗೆ ಪ್ರೋಗ್ರಾಮರುಗಳು ‘ಎಕ್ಸ್‌ವೈ ಪ್ರಾಬ್ಲಂ’ ಎನ್ನುತ್ತಾರೆ. ಅದಕ್ಕೇ ‘ಏನಾಗಬೇಕಿತ್ತು’ ಎಂಬುದು ಪ್ರಶ್ನೆಯ ಮೊದಲ ಸಾಲಿನಲ್ಲೇ ಇರಬೇಕು.

ಫೋಟೊ ಬೇಡ, ಪಠ್ಯ ಕಳಿಸಿ

ಕೋಡಿನ ಫೋಟೊ ಕಳಿಸಿದರೆ ಸಹಾಯ ಮಾಡುವವರು ಅದನ್ನು ಪೂರ್ತಿ ಟೈಪ್ ಮಾಡಿದ ಹೊರತು ಓಡಿಸಿ ನೋಡುವಂತಿಲ್ಲ. ಕಾಪಿ ಮಾಡಿ ಪೇಸ್ಟ್ ಮಾಡಿ. ಟ್ರೇಸ್‌ಬ್ಯಾಕನ್ನೂ ತಲೆಬರಹದಿಂದ ಕೊನೆಯ ಸಾಲಿನವರೆಗೆ ಹಾಗೆಯೇ ಕಳಿಸಿ.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಒಂದು ಎಚ್ಚರ. ಅಲ್ಲಿ ಎರಡು ನಕ್ಷತ್ರ ಚಿಹ್ನೆಗಳ ನಡುವಿನ ಪದ ದಪ್ಪಕ್ಷರವಾಗುತ್ತದೆ, ಎರಡು ಅಂಡರ್‌ಸ್ಕೋರ್‌ಗಳ ನಡುವಿನದು ಓರೆ ಅಕ್ಷರವಾಗುತ್ತದೆ. ಚಿಹ್ನೆಗಳು ಕಣ್ಣಿಗೆ ಕಾಣದಂತಾಗುತ್ತವೆ. ಪೈಥಾನಿನಲ್ಲಿ ಅವೆರಡಕ್ಕೂ ಅರ್ಥವಿದೆ. ಕೋಡಿನ ಮೊದಲು ಮತ್ತು ಕೊನೆಗೆ ಮೂರು ಮೂರು ಬ್ಯಾಕ್‌ಟಿಕ್ ಹಾಕಿದರೆ ಅದು ಇದ್ದಂತೆಯೇ ಹೋಗುತ್ತದೆ. ಬ್ಯಾಕ್‌ಟಿಕ್ ಕೀಲಿ ಸಾಮಾನ್ಯವಾಗಿ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್ ಕೀಲಿಯ ಕೆಳಗಿರುತ್ತದೆ. ಮೊಬೈಲಿನಲ್ಲಿ ಟೈಪ್ ಮಾಡಿದ ಕೋಡಿನಲ್ಲಿ ಸಾಲಿನ ಮೊದಲಕ್ಷರ ತಾನಾಗಿಯೇ ದೊಡ್ಡಕ್ಷರ ಆಗುವುದು, ನೆಟ್ಟನೆಯ ಉದ್ಧರಣ ಚಿಹ್ನೆ ಬಾಗಿದ್ದಾಗುವುದು ಉಂಟು. ಪೈಥಾನ್ ಎರಡನ್ನೂ ಒಪ್ಪುವುದಿಲ್ಲ.

ಪಾಸ್‌ವರ್ಡ್, ಎಪಿಐ ಕೀ, ಯಾರದಾದರೂ ಫೋನ್ ನಂಬರು ಕೋಡಿನಲ್ಲಿದ್ದರೆ ಕಳಿಸುವ ಮೊದಲು ತೆಗೆದುಹಾಕಿ.

ಕನ್ನಡದಲ್ಲೇ ಕೇಳಬಹುದೇ?

ಧಾರಾಳವಾಗಿ. ಕನ್ನಡ ಮಾಧ್ಯಮದಲ್ಲಿ ಓದಿಬಂದ ಎಷ್ಟೋ ಮಕ್ಕಳು ಇಂಗ್ಲಿಷ್ ವಾಕ್ಯ ತಪ್ಪಾದೀತು ಎಂಬ ಅಂಜಿಕೆಯಿಂದ ಕೇಳುವುದನ್ನೇ ಬಿಡುತ್ತಾರೆ. ವಿವರಣೆ ಕನ್ನಡದಲ್ಲಿರಲಿ, ಎರರ್ ಸಂದೇಶ ಮಾತ್ರ ಅಕ್ಷರ ಬದಲಿಸದೆ ಇದ್ದ ಹಾಗೆಯೇ ಇರಲಿ. ಈ ಸಂದೇಶಗಳ ಇಂಗ್ಲಿಷ್ ದೊಡ್ಡದೇನಲ್ಲ. ಇಪ್ಪತ್ತು ಮೂವತ್ತು ಪದ ಗೊತ್ತಿದ್ದರೆ ಹೆಚ್ಚಿನವು ಅರ್ಥವಾಗುತ್ತವೆ. ‘ಎಕ್ಸ್‌ಪೆಕ್ಟೆಡ್’ ಎಂದರೆ ಇರಬೇಕಿತ್ತು. ‘ಅನ್‌ಎಕ್ಸ್‌ಪೆಕ್ಟೆಡ್’ ಎಂದರೆ ಇಲ್ಲಿರಬಾರದ್ದು ಇದೆ. ‘ನಾಟ್ ಡಿಫೈನ್ಡ್’ ಎಂದರೆ ಈ ಹೆಸರು ಪರಿಚಯವಿಲ್ಲ. ‘ಔಟ್ ಆಫ್ ರೇಂಜ್’ ಎಂದರೆ ಎಣಿಕೆ ಮೀರಿದೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇಂಥ ಪಟ್ಟಿ ಮಾಡಿಟ್ಟುಕೊಳ್ಳಿ.

ಅಂದಹಾಗೆ, ಮೇಲಿನ ‘ಒಟ್ಟು = ಬೆಲೆ * ಲೋಟ’ ಎಂಬ ಸಾಲು ಅನುವಾದವಲ್ಲ, ನಿಜವಾದ ಪೈಥಾನ್. 2008ರಲ್ಲಿ ಬಂದ ಪೈಥಾನ್ 3ರಿಂದ ಹೆಸರುಗಳನ್ನು ಕನ್ನಡ ಲಿಪಿಯಲ್ಲೂ ಇಡಬಹುದು. ಇನ್‌ಪುಟ್ಟಿನಲ್ಲಿ ಕನ್ನಡ ಅಂಕಿ ೩ ಎಂದು ಕೊಟ್ಟರೂ ‘ಇಂಟ್’ ಅದನ್ನು ಮೂರು ಎಂದೇ ಓದುತ್ತದೆ. ಕೋಡಿನೊಳಗೆ ನೇರವಾಗಿ ಬರೆದರೆ ಮಾತ್ರ ಒಪ್ಪುವುದಿಲ್ಲ. ಒಂದು ಕನ್ನಡದ್ದೇ ಬಲೆ: ‘ರಾಜ್‌ಕುಮಾರ್’ ಎಂಬಂಥ ಪದದಲ್ಲಿ ಜಕಾರಕ್ಕೆ ಒತ್ತು ಬೀಳದಂತೆ ತಡೆಯಲು ನಾವು ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಪೈಥಾನ್ ಹೆಸರುಗಳಲ್ಲಿ ಅದು ನಿಷಿದ್ಧ. ನೋಡಲು ಸರಿಯಾಗಿರುವ ಹೆಸರಿಗೆ ‘ನಾನ್-ಪ್ರಿಂಟಬಲ್ ಕ್ಯಾರೆಕ್ಟರ್’ ಎಂಬ ತಕರಾರು ಬಂದರೆ ಇದೇ ಕಾರಣ.

ಯಾರನ್ನು ಕೇಳುವುದು?

ಮೊದಲು ಪೈಥಾನನ್ನೇ. ಅದರೊಳಗೇ ‘ಹೆಲ್ಪ್’ ಎಂಬ ಸೌಲಭ್ಯವಿದೆ. ಯಾವುದರ ಬಗ್ಗೆ ಬೇಕೋ ಅದರ ಹೆಸರು ಕೊಟ್ಟರೆ ವಿವರ ಬರುತ್ತದೆ. ನಂತರ ತರಗತಿಯ ಮೇಡಂ, ಮೇಷ್ಟರು, ಸೀನಿಯರುಗಳು. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಧ್ವನಿಯಲ್ಲಿ ಉಚಿತ ಪಾಠಗಳನ್ನು ಮಾಡಿದೆ. ಬೆಂಗಳೂರಿನಲ್ಲಿರುವವರಿಗೆ ‘ಬ್ಯಾಂಗ್‌ಪೈಪರ್ಸ್’ ಎಂಬ ಪೈಥಾನ್ ಬಳಗವಿದೆ. ಭಾರತದ ಮೊದಲ ಪೈಥಾನ್ ಸಮ್ಮೇಳನ ‘ಪೈಕಾನ್ ಇಂಡಿಯಾ’ 2009ರಲ್ಲಿ ನಡೆದದ್ದೂ ಬೆಂಗಳೂರಿನಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ.

ಈಗ ಎಲ್ಲರೂ ಮೊದಲು ಓಡುವುದು ಎಐ ಹತ್ತಿರ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ರಾತ್ರಿ ಹನ್ನೊಂದಕ್ಕೆ ಅಣ್ಣನನ್ನು ಎಬ್ಬಿಸಬೇಕಿಲ್ಲ. ಎರರ್ ಸಂದೇಶವನ್ನು ಕನ್ನಡದಲ್ಲಿ ವಿವರಿಸು ಎಂದರೆ ವಿವರಿಸುತ್ತದೆ, ಹತ್ತು ಸಲ ಕೇಳಿದರೂ ಸಿಡುಕುವುದಿಲ್ಲ. ತೊಂದರೆ ಇರುವುದು ಅದರ ಧಾರಾಳತನದಲ್ಲಿ. ಸುಳಿವು ಕೇಳಿದರೂ ಎಷ್ಟೋ ಸಲ ಪೂರ್ತಿ ಕೋಡು ಬರೆದು ಕೈಗಿಡುತ್ತದೆ. ಓದಿದಾಗ ಎಲ್ಲ ಅರ್ಥವಾದಂತೆ ಅನಿಸುತ್ತದೆ, ಲ್ಯಾಬ್ ಪರೀಕ್ಷೆಯ ದಿನ ಖಾಲಿ ಪರದೆಯೆದುರು ಕೈ ಓಡುವುದಿಲ್ಲ. ಇಲ್ಲದ ಫಂಕ್ಷನ್ನನ್ನು ಇದೆ ಎಂದು ಗಟ್ಟಿಯಾಗಿ ಹೇಳುವುದೂ ಉಂಟು. ಹಾಗಾಗಿ ‘ಕೋಡು ಬರೆದು ಕೊಡಬೇಡ, ತಪ್ಪು ಯಾವ ಸಾಲಿನಲ್ಲಿದೆ, ಏಕೆ ಎಂದಷ್ಟೇ ಹೇಳು’ ಎಂದು ಮೊದಲೇ ಕಟ್ಟು ಹಾಕಿ. ಅದು ಕೊಟ್ಟ ಕೋಡನ್ನು ಪೇಸ್ಟ್ ಮಾಡದೆ, ಮುಚ್ಚಿಟ್ಟು ನಿಮ್ಮ ಕೈಯಾರೆ ಮತ್ತೆ ಬರೆಯಿರಿ. ಬರೆಯಲಾಗದಿದ್ದರೆ ಅರ್ಥವಾಗಿಲ್ಲ ಎಂದೇ ಲೆಕ್ಕ.

ಉತ್ತರ ಸಿಕ್ಕ ಮೇಲೆ

ಏನು ಮಾಡಿದಾಗ ಸರಿಹೋಯಿತು ಎಂದು ಸಹಾಯ ಮಾಡಿದವರಿಗೆ ಒಂದು ಸಾಲಿನಲ್ಲಿ ತಿಳಿಸಿ. ಆಮೇಲೆ ನೋಟ್‌ಬುಕ್ಕಿನಲ್ಲಿ ಮೂರು ಕಲಂ ಗೆರೆ ಎಳೆಯಿರಿ: ಎರರ್ ಏನು, ಕಾರಣವೇನು, ಹೇಗೆ ಸರಿಹೋಯಿತು. ಹೊಸಬರ ತಪ್ಪುಗಳು ಮತ್ತೆ ಮತ್ತೆ ಅವೇ ಬರುತ್ತವೆ. ಪುಸ್ತಕ ತುಂಬುತ್ತ ಬಂದಂತೆ ಕೇಳಬೇಕಾದ ಪ್ರಶ್ನೆಗಳು ಕಡಿಮೆಯಾಗುತ್ತವೆ.

ಸಹಾಯ ಮಾಡುವ ಅಣ್ಣ, ಅಕ್ಕ, ಮೇಷ್ಟರಿಗೂ ಒಂದು ಮಾತು. ‘ಇಷ್ಟೂ ಗೊತ್ತಾಗಲ್ವಾ?’ ಎನ್ನಬೇಡಿ. ಕೀಲಿಮಣೆ ಕಿತ್ತುಕೊಂಡು ನೀವೇ ಸರಿಮಾಡಬೇಡಿ. ‘ಕೊನೆಯ ಸಾಲು ಓದು, ನಿನಗೇನು ಅನಿಸುತ್ತೆ ಹೇಳು’ ಎಂದು ಕೇಳಿ ಸುಮ್ಮನಿರಿ. ಆ ಸುಮ್ಮನಿರುವುದೇ ಕಷ್ಟ, ಆದರೆ ಕಲಿಕೆ ನಡೆಯುವುದು ಆ ಹೊತ್ತಿನಲ್ಲೇ.

ಮುಂದಿನ ಸಲ ಪ್ರೋಗ್ರಾಂ ನಿಂತಾಗ ಕ್ಯಾಮೆರಾ ತೆರೆಯುವ ಮೊದಲು ಕೊನೆಯ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿ. ಅರ್ಥವಾಗದಿದ್ದರೆ ಆ ಸಾಲನ್ನೇ ಮೊದಲು ಕಳಿಸಿ.